ಮುಶಿಗೇರಿ ಉಡಿ

ಗಜೇಂದ್ರಗಡ
ಆಗಸ್ಟ್ ೨೬, ೨೦೨೪

ನನ್ನ ಮುದ್ದು ಮಮ್ಮಿ,

ಮೊದಲು ಎರಡೂ ಕಿವಿ ಹಿಡಿದುಕೊಂಡಿದ್ದೇನೆ, ನೋಡಿಕೋ. ಬೆಟಗೇರಿ ಬಸ್ ಸ್ಟ್ಯಾಂಡಿನಲ್ಲಿ ನೀನು ಮೂಗು ಒರೆಸಿಕೊಳ್ಳುತ್ತ, "ಫೋನಿನ್ಯಾಗ ಬರೇ ಹಲೋ ಹಲೋ ಆಗತೈತಿ, ವಾರಕ್ಕೊಂದು ಪತ್ರ ಬರಿ, ಕನ್ನಡದಾಗ ಬರಿ" ಎಂದಿದ್ದೆ. ನಾನು ಪ್ರಾಮಿಸ್ ಮಾಡಿದ್ದೆ. ಮದುವೆಯಾಗಿ ಮೂರು ತಿಂಗಳಾಯಿತು, ಇದು ಮೊದಲನೆಯ ಪತ್ರ! ಇಂಗ್ಲಿಷ್ ಮೀಡಿಯಂಗೆ ಹಾಕಿದ್ದು ನೀವೇ, ಆದ್ದರಿಂದ ನನ್ನ ಒತ್ತಕ್ಷರಗಳ ಪಾಪ ಅರ್ಧ ನಿಮ್ಮದು. ಡ್ಯಾಡಿ ಕೆಂಪು ಪೆನ್ನು ತೆಗೆದುಕೊಂಡು ಕೂರದ ಹಾಗೆ ನೋಡಿಕೋ.

ಮಮ್ಮಿ, ನಾನು ತುಂಬಾ ತುಂಬಾ ಖುಷಿಯಾಗಿದ್ದೇನೆ. ಮೊದಲು ಅದನ್ನೇ ಬರೆಯಬೇಕು. ಸುಧೀರ ಸಂಜೆ ಬೈಕಿನಿಂದ ಇಳಿಯುವ ಮೊದಲೇ ಎಮ್ಮೆಯ ವಾಸನೆ, ಫಿನಾಯಿಲಿನ ವಾಸನೆ ಮೆಟ್ಟಿಲು ಹತ್ತಿ ಬರುತ್ತದೆ. ದನದ ಡಾಕ್ಟರನ್ನು ಮದುವೆಯಾಗುತ್ತೇನೆ ಎಂದಾಗ ನನ್ನ ಕ್ಲಾಸ್‌ಮೇಟುಗಳೆಲ್ಲ ಮೂಗು ಮುರಿದಿದ್ದರಲ್ಲ, ಈಗ ಆ ವಾಸನೆ ಬಂದರೆ ನಾನು ಕನ್ನಡಿಯ ಕಡೆಗೆ ಓಡುತ್ತೇನೆ! ನಮ್ಮ ಕಿಟಕಿಯಿಂದ ಗುಡ್ಡ ಕಾಣುತ್ತದೆ, ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರಗಳು. ಬೆಳಿಗ್ಗೆ ಅವು ತಿರುಗುವುದನ್ನು ನೋಡುತ್ತಲೇ ಪ್ರಾರ್ಥನೆ ಮಾಡುತ್ತೇನೆ. ಕಣ್ಣು ಮುಚ್ಚಬೇಕು ಎಂದು ನೀನು ಬೈಯುತ್ತೀ, ಗೊತ್ತು.

ನಾವು ಇರುವುದು ಮೇಲಿನ ಮನೆ. ಕೆಳಗೆ ಮಾಲೀಕರು. ಯಜಮಾನರದು ಕಾಳಿನ ವ್ಯಾಪಾರ, ಹಗಲೆಲ್ಲ ಪೇಟೆಯಲ್ಲೇ ಇರುತ್ತಾರೆ. ಮನೆಯನ್ನೂ ಓಣಿಯನ್ನೂ ಆಳುವವರು ಅವರ ಹೆಂಡತಿ ಕಳಕವ್ವ. ಮೊದಲ ದಿನವೇ ನನ್ನನ್ನು ನಿಲ್ಲಿಸಿ ಕೇಳಿದರು.

"ಏನವ್ವಾ ನಿನ್ನ ಹೆಸರು?"

"ಕೆಜಿಯಾ ರೀ."

"ಕೇಜಿ? ಎಷ್ಟ ಕೇಜಿ?"

ನಾನು ಪೆದ್ದಿಯ ಹಾಗೆ, "ಐವತ್ತಾರು ಇದೀನ್ರೀ" ಎಂದುಬಿಟ್ಟೆ. ಅವರು ನಕ್ಕ ನಗು ಪೇಟೆಗೆ ಕೇಳಿಸಿರಬೇಕು. ಅದು ಯೋಬನ ಮಗಳ ಹೆಸರು, ಬೈಬಲಿನಲ್ಲಿದೆ, ಎಂದೆಲ್ಲ ವಿವರಿಸಿದೆ. "ಇರಲಿ ಬಿಡು, ಕೇಜವ್ವ ಅಂತೀನಿ" ಎಂದರು. ಈಗ ಇಡೀ ಓಣಿಗೆ ನಾನು ಕೇಜವ್ವ. ನಾನು ಗಂಡನನ್ನು "ಸುಧೀ" ಎಂದು ಕೂಗಿದರೆ ಕಳಕವ್ವ ಕೆಳಗಿನಿಂದ "ಅಯ್ಯಯ್ಯ" ಎನ್ನುತ್ತಾರೆ. ರೊಟ್ಟಿ ಬಡಿಯುವಾಗ, "ಯಾರನ್ನ ಹೊಡಿಯಾಕತ್ತೀಯವ್ವಾ, ಗಂಡನ್ನೇನು?" ಎಂದು ಕೇಳುತ್ತಾರೆ. ಆಮೇಲೆ ತಾವೇ ಮೇಲೆ ಬಂದು ನನ್ನ ಹಿಟ್ಟನ್ನು ನಾದಿ ಸರಿಮಾಡಿ ಹೋಗುತ್ತಾರೆ.

ಈಗ ನಿಜವಾದ ವಿಷಯ. ಮಮ್ಮಿ, ಕುಳಿತು ಓದು.

ಹೋದ ಗುರುವಾರ ಕಳಕವ್ವ ಬಂದು, "ನಾಳಿ ಶ್ರಾವಣದ ಶುಕ್ರವಾರ. ತಲಿ ಎರಕೊಂಡು ಕೆಳಗ ಬಾ, ಉಡಿ ತುಂಬತೀನಿ. ಹೊಸ ಮದಿಮಗಳು ನನ್ನ ಮನಿಗೆ ಬಂದು ಬರೇ ಉಡೀಲೆ ತಿರಗತಾಳಂದ್ರ ಮಂದಿ ನನಗಂತಾರ" ಎಂದರು. ನಾನು ಹೂಂ ಅಂದು ಮೇಲೆ ಓಡಿ ಬಂದು ನಿನಗೆ ಫೋನ್ ಮಾಡಿದೆ. ನೆನಪಿದೆಯಲ್ಲ? ನೀನು ಹೇಳಿದ್ದು ಇಷ್ಟೇ: "ಬ್ಯಾಡ. ನಯವಾಗಿ ಬ್ಯಾಡನ್ನು. ತಗೊಂಡಿ ಅಂದ್ರ ನೀ ನನ್ನ ಮಗಳಲ್ಲ." ಆಮೇಲೆ ಫೋನು ಕಟ್ಟಾಯಿತು.

ನಿನ್ನ ಆ ದನಿಯನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಪಿಯುಸಿಯಲ್ಲಿ ಫಿಸಿಕ್ಸಿನಲ್ಲಿ ಫೇಲಾದಾಗಲೂ ಕೇಳಿರಲಿಲ್ಲ.

ಸುಧೀರನನ್ನು ಕೇಳಿದೆ. "ನಾ ಎಮ್ಮಿ ಡಾಕ್ಟರ್. ಪೌಲನ್ನ ಕೇಳು" ಎಂದು ಬೈಬಲ್ ಕೈಗಿಟ್ಟು ಮಲಗಿಬಿಟ್ಟ. ಪೌಲ ಕೊರಿಂಥದ ಸಭೆಯವರಿಗೆ ಬರೆದ ಪತ್ರ ತೆಗೆದೆ. ಬೇರೆ ದೇವರಿಗೆ ಅರ್ಪಿಸಿದ್ದನ್ನು ತಿನ್ನಬಹುದೋ ಬಾರದೋ ಎಂದು ಅವರ ಊರಿನಲ್ಲೂ ಇದೇ ಗಲಾಟೆ ಇತ್ತಲ್ಲ. ಪೇಟೆಯಲ್ಲಿ ಸಿಕ್ಕಿದ್ದನ್ನು, ಕರೆದವರ ಮನೆಯಲ್ಲಿ ಬಡಿಸಿದ್ದನ್ನು, ಪ್ರಶ್ನೆ ಕೇಳದೆ ತಿನ್ನಿ, ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದು. ಆದರೆ ಯಾರಾದರೂ ಇದು ದೇವರಿಗೆ ಅರ್ಪಿಸಿದ್ದು ಎಂದು ಹೇಳಿದರೆ, ಹೇಳಿದವನ ಮನಸ್ಸಿಗಾಗಿ ಬಿಡಿ ಎನ್ನುತ್ತಾನೆ ಪೌಲ. ನಾನು ವಕೀಲಳ ಹಾಗೆ ಯೋಚಿಸಿದೆ. ಸರಿ, ನಾನು ಕೇಳುವುದೇ ಇಲ್ಲ. ಅವರು ಹೇಳುವುದರೊಳಗೆ ತೆಗೆದುಕೊಂಡು ಓಡಿ ಬರುವುದು!

ಆದರೆ ಕೆಳಗೆ ಹೋಗಿ ಮಣೆಯ ಮೇಲೆ ಕುಳಿತ ಕೂಡಲೇ ಕಳಕವ್ವ ತಾವಾಗಿಯೇ ಬಾಯಿ ಬಿಟ್ಟರು. ಅವರು ಹೇಳಿದ್ದು ಏನು ಗೊತ್ತೆ?

"ಇದು ದೇವರಿಗೆ ಏರಿಸಿದ್ದಲ್ಲವ್ವಾ. ಪೂಜಿಗಿಂತ ಮೊದಲ ಬ್ಯಾರೆ ತಗದಿಟ್ಟೇನಿ. ನಿಮ್ಮ ಮಂದಿಗೆ ನಡಿಯೂದಿಲ್ಲಂತ ಗೊತ್ತೈತಿ ನನಗ. ನನ್ನ ಎರಡೂ ಹೆರಿಗಿ ಮಿಶನ್ ದವಾಖಾನ್ಯಾಗ ಆಗ್ಯಾವ, ನಿಮ್ಮ ಸಿಸ್ಟರ್‌ಗೋಳ ಕೈಯಾಗ. ಕುಂಕುಮ ಹಚ್ಚಲೊ ಬ್ಯಾಡೊ, ಅದೊಂದು ಹೇಳು."

"ಅರಿಷಿಣ ಹಚ್ರಿ. ನಮ್ಮ ಮದುವ್ಯಾಗೂ ಹಚ್ಚತಾರ" ಎಂದೆ. ಇನ್ನೇನು ಹೇಳಲಿ ಮಮ್ಮಿ? ನನಗೆ ಅಳು ಬಂದುಬಿಟ್ಟಿತ್ತು. ನಾನು ಇಡೀ ರಾತ್ರಿ ಅವರಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕಿದ್ದೆ, ಅವರು ಬೆಳಿಗ್ಗೆ ಎದ್ದು ನನಗಾಗಿ ಅಕ್ಕಿ ಬೇರೆ ತೆಗೆದಿಟ್ಟಿದ್ದರು.

ಸೆರಗು ಹಿಡಿ ಎಂದರು. ಹಿಡಿದೆ. ಎರಡೂ ಕೈ ತುಂಬ ಅಕ್ಕಿ ತುಂಬಿ ಹಾಕಿದರು, ಮತ್ತೆ ಹಾಕಿದರು. ಅಕ್ಕಿ ಚೆಲ್ಲುವ ಹಾಗಾದಾಗ ಸೆರಗನ್ನು ಹಿಡಿದು ಮೆಲ್ಲಗೆ ಅಲುಗಿಸಿ, ಒಳಗೆ ಒತ್ತಿ, ಮತ್ತೆ ಹಾಕಿದರು. ಕಾಯಿ, ಉತ್ತತ್ತಿ, ಬೆಲ್ಲ, ಮೇಲೊಂದು ಗುಳೇದಗುಡ್ಡದ ಖಣ. ಭಾರಕ್ಕೆ ಸೆರಗು ಜಗ್ಗಿತು. ಆಗ ನನಗೆ ಹೊಳೆಯಿತು, ಮಮ್ಮಿ! ಕೊಡಿರಿ, ನಿಮಗೂ ಕೊಡುತ್ತಾರೆ, ಅದುಮಿ ಅಲುಗಿಸಿ ಹೊರಚೆಲ್ಲುವಷ್ಟು ಅಳೆದು ನಿಮ್ಮ ಮಡಿಲಿಗೆ ಹಾಕುತ್ತಾರೆ, ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ? ನಾನು ಅದನ್ನು ಸ್ಕೂಲಿನಲ್ಲಿ ಇಂಗ್ಲಿಷಿನಲ್ಲಿ ಓದಿ, ಲ್ಯಾಪ್ ಅಂದರೆ ತೊಡೆ, ಕುರ್ಚಿಯ ಮೇಲೆ ಕುಳಿತವರ ತೊಡೆಗೆ ಯಾಕೆ ಕಾಳು ಸುರಿಯುತ್ತಾರೋ ಎಂದುಕೊಂಡಿದ್ದೆ. ಅದು ತೊಡೆಯಲ್ಲ. ಅದು ಉಡಿ! ಯೇಸುಸ್ವಾಮಿಗೆ ಉಡಿ ಗೊತ್ತಿತ್ತು. ನನಗೇ ಗೊತ್ತಿರಲಿಲ್ಲ.

ಆ ಸಂತೋಷದಲ್ಲೇ ಎಡವಟ್ಟು ಮಾಡಿದೆ. ಕಳಕವ್ವ, "ಈಗ ನನ್ನ ತಾಟಿಗೆ ತಿರುಗಿ ಹಾಕು" ಎಂದರು. ಉಡಿ ತುಂಬಿಸಿಕೊಂಡವರು ನಾಲ್ಕು ಕಾಳನ್ನು ತುಂಬಿದವರಿಗೆ ಮರಳಿ ಹಾಕಬೇಕಂತೆ, ನಿನ್ನದೂ ತುಂಬಿರಲಿ ಎಂದು. ನನಗೇನು ಗೊತ್ತು? ತಿರುಗಿ ಹಾಕು ಎಂದರೆ ಎಲ್ಲವನ್ನೂ ಎಂದುಕೊಂಡು ಸೆರಗನ್ನೇ ತಾಟಿನ ಮೇಲೆ ಬಗ್ಗಿಸಿದೆ. ಕಳಕವ್ವ ನನ್ನ ಎರಡೂ ಮುಂಗೈ ಹಿಡಿದು ಕಿರುಚಿದರು:

"ಅಯ್ಯ ಅಯ್ಯ! ಮುಶಿಗೇರಿ ಉಡಿ ಮಾಡಬ್ಯಾಡವ್ವಾ!"

ಪಕ್ಕದ ಮನೆಯ ಸಕ್ಕೂಬಾಯಿ ಬಿದ್ದು ಬಿದ್ದು ನಕ್ಕರು. ಹಾಗೆಂದರೇನು ಎಂದು ಕೇಳಿದೆ. ಈ ಕಡೆಯ ಹೆಂಗಸರಲ್ಲಿ ಅದೊಂದು ಮಾತಂತೆ. ಕೊಟ್ಟದ್ದನ್ನು ಯಾರಾದರೂ ಮುಖದ ಮೇಲೆ ಮರಳಿಸಿದರೆ "ಮುಶಿಗೇರಿ ಉಡಿ ಮಾಡಿದಳು" ಎನ್ನುತ್ತಾರಂತೆ. ಸಕ್ಕೂಬಾಯಿ ಹೇಳಿದರು: "ಮುಶಿಗೇರ್ಯಾಗ ನೀಲವ್ವ ಅಂತ ಇದ್ದಾಳ. ಮಗಳು ಬ್ಯಾರೆ ಜಾತ್ಯಾಗ ಲಗ್ನ ಆದ್ಲು. ಆದರೂ ಈ ಹುಚ್ಚಿ, ಕರುಳು ಕೇಳಬೇಕಲ್ಲ, ಉಡಿ ತುಂಬಾಕ ಹೋದ್ಲು. ಆ ಮಗಳು ಅಕ್ಕಿ, ಕಾಯಿ, ಖಣ ಎಲ್ಲಾ ಹೆತ್ತ ತಾಯಿ ಮುಂದನ ಸುರುವಿ ಕಳಿಸಿದಳಂತ. ಎಲ್ಲಿದ್ದಾಳೊ, ಹ್ಯಾಂಗಿದ್ದಾಳೊ."

ನಾನು ನಾಲ್ಕು ಕಾಳು ಹಾಕಿ, ಎಲ್ಲರಿಗೂ ನಮಸ್ಕಾರ ಮಾಡಿ ಮೇಲೆ ಬಂದೆ.

ಮಮ್ಮಿ, ನಿನ್ನ ತವರು ಮುಶಿಗೇರಿ. ನಿನ್ನ ಅವ್ವನ ಹೆಸರು ನೀಲವ್ವ. ನಿನಗೆ ತವರಿನವರು ಯಾಕಿಲ್ಲ ಎಂದು ನಾನು ಕೇಳಿದಾಗಲೆಲ್ಲ "ಅವರಿಗೆ ನಮ್ಮ ನಂಬಿಕೆ ಬ್ಯಾಡಾಗಿತ್ತು" ಎನ್ನುತ್ತಿದ್ದೆ. ಅವರು ನಿನ್ನನ್ನು ದೂಡಿದರು ಎಂದೇ ನಾನು ಇಷ್ಟು ದಿನ ತಿಳಿದಿದ್ದೆ.

ನಾನು ನಿನ್ನ ಮಾತು ಮೀರಿದ್ದೇನೆ. ಬೈಯಿ. ಆದರೆ ನಾನು ನಿನ್ನ ಮಗಳಲ್ಲ ಎಂದು ಮಾತ್ರ ಇನ್ನೊಮ್ಮೆ ಹೇಳಬೇಡ. ಮತ್ತೆ ಇದಕ್ಕೆ ಉತ್ತರ ಕೊಡು.

ಸಾವಿರ ಮುತ್ತುಗಳೊಂದಿಗೆ,
ನಿನ್ನ ಕೆಜಿಯಾ


ಗಜೇಂದ್ರಗಡ
ಸೆಪ್ಟೆಂಬರ್ ೧೬, ೨೦೨೪

ನನ್ನ ಮಮ್ಮಿ,

ಈ ಸಲ ತಡವಾದದ್ದಕ್ಕೆ ಸೋಮಾರಿತನ ಕಾರಣವಲ್ಲ. ಮೂರು ಸಲ ಬರೆದು ಹರಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಮುಶಿಗೇರಿ ಎಂಬ ಹೆಸರು ಬಂದ ಕೂಡಲೇ ನಿನ್ನ ಫೋನಿಗೆ ಸಿಗ್ನಲ್ ಹೋಗುತ್ತದೆ! ಪತ್ರಕ್ಕೆ ಆ ಉಪಾಯವಿಲ್ಲ.

ನೀನು ಉತ್ತರ ಬರೆಯಲಿಲ್ಲ, ಫೋನ್ ಮಾಡಿದೆ. "ಹೌದು, ಆ ಮಗಳು ನಾನ" ಎಂದೆ, ಇಟ್ಟೆ. ಸಂಜೆ ಡ್ಯಾಡಿ ಹಿತ್ತಿಲಿನಿಂದ ಗುಟ್ಟಾಗಿ ಮಾತನಾಡಿದರು. ಅವರ ಮೇಲೆ ಸಿಟ್ಟಾಗಬೇಡ. ನೀನು ಉಡಿ ಸುರಿದ ಆ ವರ್ಷವೇ ನಿನಗೆ ದೀಕ್ಷಾಸ್ನಾನವಾಗಿತ್ತಂತೆ, ಅನ್ನಪೂರ್ಣಾ ಹೋಗಿ ಹನ್ನಾ ಆಗಿದ್ದೆಯಂತೆ. ಹಳೆಯ ಮನೆಯ ಒಂದು ಕಾಳೂ ಹೊಸ್ತಿಲು ದಾಟಬಾರದು, ದಾಟಿದರೆ ಹಿಂದೆ ತಿರುಗಿ ನೋಡಿ ಉಪ್ಪಿನ ಕಂಬವಾದ ಲೋಟನ ಹೆಂಡತಿಯ ಹಾಗೆ ಆಗುತ್ತೀ, ಎಂದು ಸಭೆಯ ಹಿರಿಯರು ಹೇಳಿದ್ದರಂತೆ. ಅವರೂ ನಿನ್ನ ಒಳ್ಳೆಯದಕ್ಕೇ ಹೇಳಿರಬೇಕು. "ಅಕಿ ದೇವರನ್ನ ಎರಡೂ ಕೈಲೆ ಗಟ್ಟಿ ಹಿಡಕೊಂಡಿದ್ಲು. ತಾಯಿ ಕೊಟ್ಟದ್ದನ್ನ ಹಿಡಿಯಾಕ ಮೂರನೇ ಕೈ ಇರಲಿಲ್ಲ" ಎಂದರು ಡ್ಯಾಡಿ. ಮಮ್ಮಿ, ಆಗ ನಿನಗೆ ಇಪ್ಪತ್ತೆರಡು. ಈಗಿನ ನನಗಿಂತ ಚಿಕ್ಕವಳು! ಯಾರಾದರೂ ಈಗ ನನಗೆ ಹಾಗೆ ಹೇಳಿದ್ದರೆ ನಾನೂ ಹೆದರಿ ಹಾಗೆಯೇ ಮಾಡುತ್ತಿದ್ದೆನೇನೋ. ಇದನ್ನು ತಪ್ಪು ತೂಗಲು ಬರೆಯುತ್ತಿಲ್ಲ. ಪೂರ್ತಿ ಓದು, ಪ್ಲೀಸ್.

ನಾನು ಮುಶಿಗೇರಿಗೆ ಹೋಗಿದ್ದೆ.

ಬೇಕೆಂದೇ ಹುಡುಕಿಕೊಂಡು ಹೋಗಲಿಲ್ಲ. ಹೋದ ವಾರ ಸುಧೀರನನ್ನು ಅಲ್ಲಿಗೆ ಕರೆದಿದ್ದರು. ಎಮ್ಮೆ ಈದಿತ್ತು, ಕಸ, ಅಂದರೆ ಮಾಸು, ಬಿದ್ದಿರಲಿಲ್ಲ. ಎಲ್ಲ ಮುಗಿಸಿ ಯಜಮಾನನ ಹೆಸರು ಬರೆದುಕೊಳ್ಳುವಾಗ ಅವರು "ದ್ಯಾಮಪ್ಪ" ಎಂದರಂತೆ. ಒಳಗಿನಿಂದ ಒಬ್ಬ ಮುದುಕಿ, "ಡಾಕ್ಟರಿಗೆ ಕೈ ತೊಳಿಯಾಕ ಬಿಸಿನೀರು ಕೊಡ್ರೋ" ಎಂದು ಕೂಗಿದಳಂತೆ. ಓಣಿಯವನೊಬ್ಬ "ನೀಲವ್ವ ಆಯಿದು ಇನ್ನೂ ದನಿ ಹ್ಯಾಂಗೈತಿ ನೋಡ್ರಿ" ಎಂದನಂತೆ. ಸುಧೀರ ಮನೆಗೆ ಬಂದು, "ನಿಮ್ಮ ಸೋದರಮಾವನ ಎಮ್ಮಿಗೆ ಆರಾಮಾತು" ಎಂದ. ನಾಳಿದ್ದು ಇಂಜೆಕ್ಷನ್ನಿಗೆ ಮತ್ತೆ ಹೋಗಬೇಕೆಂದ. ನಾನು ಬರುತ್ತೇನೆ ಎಂದೆ.

ಕಳಕವ್ವನಿಗೆ ನಿಜ ಹೇಳಿದೆ. ಅವರು ತಮ್ಮ ಎರಡೂ ಕೆನ್ನೆಗೆ ಬಡಿದುಕೊಂಡು, "ನನ್ನ ನಾಲಿಗಿ ಸೇದಿಹೋಗಲಿ, ನಿನ್ನ ಮುಂದನ ಅಂದ್ನೆಲ್ಲವ್ವಾ" ಎಂದು ಕಣ್ಣೀರು ಹಾಕಿದರು. ಮರುಕ್ಷಣವೇ, "ಬರಿಗೈಲೆ ಹೋಗಬ್ಯಾಡ ಮತ್ತ" ಎಂದರು. ನಾನು ಗಾಬರಿಯಲ್ಲಿ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಬಾಳೆಹಣ್ಣು, ಬ್ರೆಡ್ಡು ತೆಗೆದುಕೊಂಡೆ.

ಎರಡೂ ಕಡೆ ಕರಿಮಣ್ಣು, ಹೆಸರುಕಾಯಿ ಬಿಡಿಸುವ ಹೆಂಗಸರು. ಬೈಕಿನ ಹಿಂದೆ ಕುಳಿತು ನಾನು ದಾರಿಯುದ್ದಕ್ಕೂ ಏನು ಹೇಳಬೇಕೆಂದು ಉರುಹೊಡೆಯುತ್ತಿದ್ದೆ. ಅಂಗಳದಲ್ಲಿ ಹೆಸರುಕಾಯಿ ಒಣಹಾಕಿದ್ದರು. ಅತ್ತೆ, ಮಾವನ ಹೆಂಡತಿ ರೇಣವ್ವ, ಕೋಲು ಹಿಡಿದು ಬಡಿಯುತ್ತಿದ್ದರು. ಮಾವ ಎಮ್ಮೆಯ ಹತ್ತಿರ ಇದ್ದರು. ಮಮ್ಮಿ, ಅವರು ನಿಲ್ಲುವುದು ಥೇಟ್ ನಿನ್ನ ಹಾಗೆ, ಒಂದು ಕೈ ಸೊಂಟದ ಮೇಲೆ. ನನ್ನ ಕೈಯಲ್ಲಿದ್ದ ಬ್ರೆಡ್ಡು ನೋಡಿ, "ಯಾರಿಗೆ ಆರಾಮಿಲ್ಲವ್ವಾ? ಎಮ್ಮಿ ಬ್ರೆಡ್ ತಿನ್ನೂದಿಲ್ಲ" ಎಂದರು.

ಉರುಹೊಡೆದದ್ದೆಲ್ಲ ಮರೆತುಹೋಯಿತು. "ನಾನು ಅನ್ನಪೂರ್ಣಾನ ಮಗಳ್ರೀ" ಎಂದೆ.

ಅತ್ತೆಯ ಕೋಲು ನಿಂತಿತು. ಮಾವ ಎಮ್ಮೆಯ ಬೆನ್ನು ತಟ್ಟುತ್ತ ಹೇಳಿದರು:

"ಯಾವ ಅನ್ನಪೂರ್ಣಾ? ನಮ್ಮನ್ಯಾಗ ಆ ಹೆಸರಿನವರು ಯಾರೂ ಇಲ್ಲ."

ಆಗ ಒಳಗಿನಿಂದ ಆ ದನಿ: "ಅದಾಳೊ ಇಲ್ಲೊ ನಾ ಹೇಳತೀನಿ, ದ್ಯಾಮಾ. ನೀ ಎಮ್ಮಿ ನೋಡು. ಅಕಿನ್ನ ಒಳಗ ಕಳಸು."

ಆಯಿಗೆ, ಅಂದರೆ ನನ್ನ ಅಜ್ಜಿಗೆ, ಕಣ್ಣು ಮಂಜಾಗಿದೆ. ನನ್ನ ಮುಖವನ್ನು ಎರಡೂ ಕೈಯಿಂದ ತಡವಿ, ಹಣೆ, ಗಲ್ಲ, ಕಿವಿ ಎಲ್ಲ ಮುಟ್ಟಿ, "ಮೂಗು ನಮ್ಮದ" ಎಂದಳು. ಆಮೇಲೆ ಮೊದಲ ಪ್ರಶ್ನೆ: "ನಿಮ್ಮವ್ವ ಈಗೂ ಹುಣಸಿಕಾಯಿ ಕದ್ದು ತಿಂತಾಳೇನು?"

ನೀನು! ಹುಣಸೆಕಾಯಿ ಕದಿಯುತ್ತಿದ್ದೆ! ನನಗೆ ಸಂಡೇ ಸ್ಕೂಲಿನಲ್ಲಿ ಪೇರಲ ಕದ್ದದ್ದಕ್ಕೆ ಕದಿಯಬಾರದು ಎಂಬ ಎಂಟನೆಯ ಆಜ್ಞೆಯನ್ನು ಐವತ್ತು ಸಲ ಬರೆಸಿದವಳು!

ಮಾವ ಸಿಟ್ಟು ಬಿಡಲಿಲ್ಲ. ಬಾಗಿಲಲ್ಲಿ ನಿಂತು, "ನಿಮ್ಮ ದೇವರಿಗೆ ನಮ್ಮ ಅಕ್ಕಿ ಮೈಲಿಗಿ ಆಗಿತ್ತು. ಈಗ ನಮ್ಮ ಚಾ ನಡೀತೈತೇನು?" ಎಂದು ಚುಚ್ಚಿದರು.

"ನಡೀತೈತಿ ಮಾವಾ. ಸಕ್ರಿ ಸ್ವಲ್ಪ ಜಾಸ್ತಿ ಹಾಕಸ್ರಿ" ಎಂದೆ.

ಅವರು ಮುಖ ಆಚೆ ತಿರುಗಿಸಿಕೊಂಡರು. ನಗು ಬಂದಿತ್ತು ಎಂದು ನನಗೆ ಖಾತ್ರಿ. ಸುಧೀರನ ಕಡೆ ನೋಡಿ, "ಡಾಕ್ಟರ, ನಿಮ್ಮ ಪಾಡು ಕಷ್ಟ ಐತಿ ನೋಡ್ರಿ" ಎಂದರು. ಸುಧೀರ ದ್ರೋಹಿ, "ಹೌದ್ರಿ" ಎಂದ.

ಊಟಕ್ಕೆ ಕೂರಿಸಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು, ಗುರೆಳ್ಳು ಚಟ್ನಿ. ತುತ್ತು ಎತ್ತುವ ಮೊದಲು ನನಗೆ ಸಂಕಟವಾಯಿತು. ದಿನಾ ಪ್ರಾರ್ಥನೆ ಮಾಡಿ ಉಣ್ಣುವವರು ನಾವು. ಇಲ್ಲಿ ಮಾಡಿದರೆ ಇವರ ಅನ್ನವನ್ನು ಶುದ್ಧ ಮಾಡಿಕೊಳ್ಳುತ್ತಿದ್ದೇವೆ ಎಂದುಕೊಂಡಾರು. ಮಾಡದಿದ್ದರೆ ನಾಚಿಕೆಪಟ್ಟ ಹಾಗೆ. ಕೊನೆಗೆ ಕೇಳಿಯೇಬಿಟ್ಟೆ: "ಆಯಿ, ನಾವು ಉಣ್ಣೂಕಿಂತ ಮೊದಲ ಥ್ಯಾಂಕ್ಸ್ ಹೇಳತೀವಿ. ಹೇಳಲೇನು?" "ಹೇಳವ್ವಾ. ಉಂಡಮ್ಯಾಲೂ ಹೇಳು, ರೇಣವ್ವ ಪಲ್ಯ ಮಾಡ್ಯಾಳ" ಎಂದಳು. ನಾನು ಜೋರಾಗಿ ಕನ್ನಡದಲ್ಲಿ ಪ್ರಾರ್ಥನೆ ಮಾಡಿದ್ದು ಅದೇ ಮೊದಲು. ಶಬ್ದಗಳೇ ಸಿಗಲಿಲ್ಲ. ಈ ಮನೆಯ ಹೊಲವನ್ನು, ಎಮ್ಮೆಯನ್ನು, ರೊಟ್ಟಿ ಬಡಿದ ಕೈಗಳನ್ನು ಆಶೀರ್ವದಿಸು ಎಂದೆ. ಕಣ್ಣು ತೆರೆದಾಗ ಆಯಿ ಕೈಮುಗಿದುಕೊಂಡಿದ್ದಳು. ಮಾವ ತಲೆಯ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು. "ಹಂಗಾರ ನಿಮ್ಮ ದೇವರಿಗೆ ನಮ್ಮ ಜೋಳದ ಮ್ಯಾಲ ಸಿಟ್ಟಿಲ್ಲ" ಎಂದಳು ಆಯಿ. "ಇಲ್ಲ ಆಯಿ, ಯಾವತ್ತೂ ಇರಲಿಲ್ಲ" ಎಂದೆ. ಹಾಗೆನ್ನಲು ನನಗೇನು ಅಧಿಕಾರ? ಆದರೆ ಮಮ್ಮಿ, ಅದು ನಿಜ ಅಲ್ಲವೆ? ಭೂಮಿಯೂ ಅದರಲ್ಲಿರುವುದೆಲ್ಲವೂ ಕರ್ತನದಾದರೆ ಮುಶಿಗೇರಿಯ ಎರೆಹೊಲವೂ ಅವನದೇ ತಾನೆ.

ಹೊರಡುವಾಗ ಮಾವ ಬೈಕಿನ ತನಕ ಬಂದರು. ನನ್ನ ಮುಖ ನೋಡದೆ ಹೇಳಿದರು: "ದೀಪಾವಳಿಗೆ ಬರ್ಲಿ ಅಂತ ನಾ ಅನ್ನೂದಿಲ್ಲ, ಅಕಿಗೆ ತ್ರಾಸ ಆಗತೈತಿ. ನಿಮ್ಮ ಹಬ್ಬ ಯಾವಾಗ?"

"ಡಿಸೆಂಬರಿಗೆ ರೀ."

"ಅಲ್ಲೀತನಕ ಅವ್ವ ಇರಬೇಕಲ್ಲ. ಯಾವ ಹಬ್ಬಾನೂ ಬ್ಯಾಡ. ಅಡ್ಡ ದಿನಾನ ಬರ್ಲಿ. ಬುಧವಾರ, ಗುರುವಾರ, ಯಾವದರ ಇರಲಿ. ಗಾಡಿ ತಗೊಂಡು ನಾನ ಬೆಟಗೇರಿಗೆ ಬರತೀನಿ ಅಂತ ಹೇಳು. ಬಾಗಲದಾಗ ನಿಂದರತೀನಿ, ಒಳಗ ಬರಂಗಿಲ್ಲ, ನೀರೂ ಕೇಳಂಗಿಲ್ಲ."

ಆಮೇಲೆ ಸುಧೀರನಿಗೆ ಎಮ್ಮೆಗೆ ಹಿಂಡಿ ಯಾವಾಗಿನಿಂದ ಹಾಕಬೇಕು ಎಂದು ಕೇಳತೊಡಗಿದರು.

ನೀನು ಬಾ ಎಂದು ನಾನು ಹಟ ಮಾಡುವುದಿಲ್ಲ. ಸುಳ್ಳು, ಮಾಡುತ್ತೇನೆ! ಬಂದರೆ ನಿನ್ನ ನಂಬಿಕೆಗೆ ಒಂದು ಎಳೆಯಷ್ಟೂ ಪೆಟ್ಟಾಗುವುದಿಲ್ಲ, ಮಮ್ಮಿ. ನಿನ್ನ ನಂಬಿಕೆ ಎಷ್ಟು ಗಟ್ಟಿ ಎಂದು ನನಗೆ ಗೊತ್ತು. ಅದರ ನೆರಳಿನಲ್ಲೇ ನಾನು ಬೆಳೆದದ್ದು. ಡ್ಯಾಡಿಗೆ ಬಿಪಿ ಮಾತ್ರೆ ಮರೆಯಬೇಡಿ ಎಂದು ಹೇಳು. ಮಗಳು ತಾಯಿಯನ್ನು ಆಶೀರ್ವದಿಸಬಾರದು ಎಂದು ಎಲ್ಲೂ ಬರೆದಿಲ್ಲವಾದ್ದರಿಂದ ನಾನೇ ಆಶೀರ್ವದಿಸುತ್ತೇನೆ: ಕರ್ತನು ನಿನ್ನ ಹೋಗುವಿಕೆಯನ್ನೂ ಬರುವಿಕೆಯನ್ನೂ ಕಾಯಲಿ, ಅದರಲ್ಲೂ ಮುಶಿಗೇರಿಗೆ ಹೋಗುವುದನ್ನು.

ನಿನ್ನವಳೇ ಆದ,
ಕೆಜಿಯಾ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ.

ಊಟವಾದ ಮೇಲೆ ಗಂಡಸರು ಹೊರಗೆ ಹೋದಾಗ ಆಯಿ ನನ್ನನ್ನು ಕೇಳಿದಳು, "ನೀ ಎಷ್ಟನೇದಾಕಿ?" ನಾನೊಬ್ಬಳೇ ಎಂದೆ. "ನಿನಕಿಂತ ಮೊದಲ ಒಂದು ಗಂಡು ಕೂಸಿತ್ತು" ಎಂದಳು. ಮಮ್ಮಿ, ನನಗೊಬ್ಬ ಅಣ್ಣ ಇದ್ದ ಎಂದು ನೀನು ನನಗೆ ಯಾವತ್ತೂ ಹೇಳಲಿಲ್ಲ. ಆಯಿ ಆ ಉಡಿ ತಂದಾಗ ನೀನು ಬಸುರಿ. ಅವನು ಹುಟ್ಟಿ ಒಂದು ದಿನವೂ ಉಳಿಯಲಿಲ್ಲವಂತೆ. ದವಾಖಾನೆಗೆ ಬಂದಿದ್ದ ಊರಿನ ಹೆಂಗಸೊಬ್ಬಳು ಹೋಗಿ ಆಯಿಗೆ ಸುದ್ದಿ ಮುಟ್ಟಿಸಿದಳಂತೆ.

ನೀನು ಅವರು ನಿನ್ನ ಮೇಲೆ ಸಿಟ್ಟಾಗಿದ್ದಾರೆ ಎಂದುಕೊಂಡಿದ್ದೀ. ಆಯಿ ನಿನ್ನ ಮೇಲೆ ಒಂದು ದಿನವೂ ಸಿಟ್ಟಾಗಿಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ:

"ಅಕಿ ಸುರುವಿದ ಅಕ್ಕಿ ನಾ ಅಲ್ಲೇ ಬಿಟ್ಟು ಬರಬೇಕಾಗಿತ್ತು. ಹಕ್ಕಿಗೆ ಹಾಕಬೇಕಾಗಿತ್ತು. ನಮ್ಮದು ಜೋಳದ ಸೀಮಿ, ಆಗ ಅಕ್ಕಿ ಅಂದ್ರ ಹಬ್ಬಕ್ಕಷ್ಟ. ಚೆಲ್ಲಾಕ ಮನಸಾಗಲಿಲ್ಲ. ಕಟಗೊಂಡು ಬಂದು ಅನ್ನ ಮಾಡಿದೆ. ಎಲ್ಲಾರೂ ಉಂಡ್ವಿ. ಮಗಳ ಉಡಿ ಉಂಡಾಕಿ ನಾನು. ಅದಕ್ಕ ಅಕಿ ಕೂಸು ಉಳೀಲಿಲ್ಲ. ಅಕಿ ಮಾರಿ ನೋಡಾಕ ಯಾವ ಮಾರಿ ತಗೊಂಡು ಹೋಗಲಿ?"

ಅಲ್ಲಿಂದ ಇಲ್ಲಿಯ ತನಕ ಅವಳು ಅಕ್ಕಿಯ ಅನ್ನ ಬಾಯಿಗೆ ಇಟ್ಟಿಲ್ಲವಂತೆ. ಅತ್ತೆ ಹೇಳಿದರು.

ಮಮ್ಮಿ, ಒಂದು ಕೇಳುತ್ತೇನೆ. ನೀನೂ ಹಾಗೆಯೇ ಅಂದುಕೊಂಡಿದ್ದೀಯಾ? ತಾಯಿ ತುಂಬಿದ್ದನ್ನು ಸುರಿದೆ, ಅದಕ್ಕೇ ನನ್ನ ಮಡಿಲು ಬರಿದಾಯಿತು ಎಂದು? ಅದಕ್ಕೇ ನನ್ನ ಉಡಿಯ ಮಾತು ಬಂದಾಗ ನಿನ್ನ ದನಿ ಹಾಗಾಯಿತೇ? ಅದು ಸಿಟ್ಟು ಎಂದುಕೊಂಡಿದ್ದೆ. ಅದು ನನಗಾಗಿ ಪಟ್ಟ ಹೆದರಿಕೆಯೇ?

ನಾನು ಆಯಿಗೆ ಆ ಹುಟ್ಟುಕುರುಡನ ಕಥೆ ಹೇಳಿದೆ. ಇವನು ಕುರುಡನಾಗಿ ಹುಟ್ಟಲು ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಯೋ, ಎಂದು ಶಿಷ್ಯರು ಕೇಳಿದರು. ಇವನೂ ಅಲ್ಲ, ತಂದೆತಾಯಿಯೂ ಅಲ್ಲ, ಎಂದರು ಯೇಸುಸ್ವಾಮಿ. ಆಯಿ ನನ್ನ ಕೈ ಹಿಡಿದು, "ಇನ್ನೊಮ್ಮೆ ಹೇಳು" ಎಂದಳು. ಹೇಳಿದೆ. "ತಾಯೀನೂ ಅಲ್ಲ ಅಂದ್ನಾ? ಖರೇ?" ಎಂದಳು.

"ಖರೇ, ಆಯಿ."

"ನಿನಗ ಇದನ್ನ ಯಾರು ಹೇಳಿಕೊಟ್ರು?"

"ನಮ್ಮ ಮಮ್ಮಿ. ಸಣ್ಣಾಕಿದ್ದಾಗ ಸಂಡೇ ಸ್ಕೂಲಿನ್ಯಾಗ."

"ಅನ್ನಪೂರ್ಣಾ? ಅಕಿ ಬಾಯಿಲೆ ಹೇಳ್ಯಾಳ?"

"ಹೌದು."

ಅವಳು ನನ್ನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಆಮೇಲೆ ಹೇಳಿದಳು, "ನೀ ಸಣ್ಣಾಕಿ, ನಿನ್ನ ಮಾತು ನಂಬಾಕ ಧೈರ್ಯ ಸಾಲವಲ್ಲದವ್ವಾ. ಉಡಿ ಗಿಡಿ ಏನೂ ಬ್ಯಾಡ. ಅಕಿ ಬಂದು ನನ್ನ ಮುಂದ ಕುಂತು, ತಾಯೀನೂ ಅಲ್ಲ ಅಂತ ಅದೊಂದು ಮಾತು ಹೇಳಲಿ."